ಹಾಲುಕ್ಕಿಸದ ಕೋಣೆ

ರೈಲು ಹೊರಡುವ ತನಕ ಅನುಸೂಯ ಬೆಂಚು ಬಿಟ್ಟು ಏಳುವಂತಿರಲಿಲ್ಲ. ಆ ರೈಲಿನಲ್ಲಿ ಅವಳು ಹೋಗಬೇಕಾಗಿರಲಿಲ್ಲ. ಹೋಗುವವಳ ಹಾಗೆ ಕೂತಿರಬೇಕಾಗಿತ್ತು, ಅಷ್ಟೆ. ಚಿತ್ರದುರ್ಗದ ಸ್ಟೇಷನ್ನಿನ ಸಿಮೆಂಟು ಬೆಂಚಿನಲ್ಲಿ, ತೊಡೆಯ ಮೇಲೆ ಪುಸ್ತಕದ ಬ್ಯಾಗಿಟ್ಟುಕೊಂಡು, ದಿನಾ ಓಡಾಡುವವರ ಮುಖದಲ್ಲಿರುವ ಬೇಸರವನ್ನು ತನ್ನ ಮುಖಕ್ಕೂ ತಂದುಕೊಂಡು ಅವಳು ಹೀಗೆ ಕೂರತೊಡಗಿ ಒಂದು ತಿಂಗಳಾಗುತ್ತ ಬಂದಿತ್ತು. ಮೊದಲ ವಾರ ಆ ಬೇಸರ ಸರಿಯಾಗಿ ಬರುತ್ತಿರಲಿಲ್ಲ. ಮುಖ ಹಬ್ಬಕ್ಕೆ ಹೊರಟವಳ ಹಾಗೆ ಆಗಿಬಿಡುತ್ತಿತ್ತು. ಈಗ ತಾನಾಗಿ ಬರುತ್ತದೆ. ಚಿಕ್ಕಜಾಜೂರಿನ ಪ್ಯಾಸೆಂಜರು ಐದಕ್ಕೆ ಬಿಡಬೇಕಾದದ್ದು ಐದೂವರೆಗೆ ಬಿಡುತ್ತದೆ. ಆ ಅರ್ಧ ಗಂಟೆಯಲ್ಲಿ ಹುಲಿಗೆಮ್ಮ ಬಂದರೂ ಬಂದಾಳು. ಹುಲಿಗೆಮ್ಮ ಅವಳ ಕ್ಲಾಸಿನವಳು, ಹೋದ ವರ್ಷವೆಲ್ಲ ಹಾಸ್ಟೆಲ್ಲಿನಲ್ಲಿ ಪಕ್ಕದ ಚಾಪೆಯವಳು. ಒಂದು ಸಲ ಹಾಗೆಯೇ ಕಡ್ಲೆಕಾಯಿ ಪೊಟ್ಟಣ ಹಿಡಿದು ಪ್ಲಾಟ್‌ಫಾರ್ಮಿನ ಆ ತುದಿಯಿಂದ ನಗುತ್ತ ಬಂದುಬಿಟ್ಟಿದ್ದಳು. "ಒಬ್ಳೇ ಕುಂತಿರ್ತೀಯಲ್ಲ ಪಾಪ, ಅದಕ್ಕೇ ಬಂದೆ ಕಣೇ" ಎಂದಿದ್ದಳು. ಆವತ್ತು ಅನುಸೂಯ ರೈಲು ಹತ್ತಲೇಬೇಕಾಯಿತು. ಹತ್ತಿ, ಕಿಟಕಿಯಿಂದ ಕೈಬೀಸಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ದುರ್ಗದ ಮಾರ್ಕೆಟ್ಟಿಗೆ ಹೊರಟಿದ್ದ ಟೆಂಪೋದಲ್ಲಿ ಈರುಳ್ಳಿ ಮೂಟೆಗಳ ನಡುವೆ ಕೂತು ವಾಪಸು ಬಂದಳು. ಕಣ್ಣಲ್ಲಿ ನೀರು ಬಂದಿತ್ತು. ಅದು ಈರುಳ್ಳಿಯದ್ದೇ ಎಂದು ಅವಳು ಆಗ ಖಚಿತವಾಗಿ ನಂಬಿದ್ದಳು.

ಇವತ್ತು ಹುಲಿಗೆಮ್ಮ ಬರಲಿಲ್ಲ. ರೈಲು ಒಂದು ಸಲ ಜಗ್ಗಿ, ಮನಸ್ಸು ಬದಲಾಯಿಸಿದಂತೆ ನಿಂತು, ಮತ್ತೆ ಜಗ್ಗಿ ಹೊರಟಿತು. ಖಾಲಿ ಕಿಟಕಿಗಳು ಒಂದೊಂದಾಗಿ ಅವಳೆದುರು ಹಾದುಹೋದವು. ಪ್ರತಿ ಕಿಟಕಿಯಲ್ಲೂ ತಾನು ಕೂತಿದ್ದಂತೆ, ಊರಿಗೆ ಹೊರಟ ಅಷ್ಟೊಂದು ಅನುಸೂಯರು ಈ ಬೆಂಚಿನ ಮೇಲೆ ಉಳಿದವಳನ್ನು ನೋಡಿಯೂ ನೋಡದಂತೆ ಹೋದರೆಂದು ಅನ್ನಿಸಿತು. ಆ ರೈಲು ಕತ್ತಲಾಗುವ ಹೊತ್ತಿಗೆ ಚಿಕ್ಕಜಾಜೂರು ಮುಟ್ಟುತ್ತದೆ. ಅಲ್ಲಿ ರೈಲುಗಳಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್ ತಿಪ್ಪಯ್ಯ, ಅಂದರೆ ಅವಳ ಅಪ್ಪ, ಕೈದೀಪ ಹಿಡಿದು ಹಳಿಯ ಪಕ್ಕ ನಿಂತಿರುತ್ತಾನೆ. ಮಗಳು ಈ ರೈಲಿನಲ್ಲಿಲ್ಲವೆಂದು ಅವನಿಗೆ ಗೊತ್ತು. ಅವಳು ಹುಲಿಗೆಮ್ಮನ ಜೊತೆ ದುರ್ಗದಲ್ಲಿ ರೂಮು ಮಾಡಿಕೊಂಡಿದ್ದಾಳೆಂದು ಅವನ ತಿಳಿವಳಿಕೆ. ಅವಳು ಅಪ್ಪನ ಮನೆಯಿಂದಲೇ ದಿನಾ ಓಡಾಡುತ್ತಿದ್ದಾಳೆಂದು ಹುಲಿಗೆಮ್ಮನ ತಿಳಿವಳಿಕೆ. ಹುಲಿಗೆಮ್ಮ ಇವತ್ತೋ ನಾಳೆಯೋ ಬಂದು ಸೇರಿಕೊಳ್ಳುತ್ತಾಳೆಂದು ರೂಮು ಕೊಟ್ಟ ಮುದ್ದಕ್ಕನ ತಿಳಿವಳಿಕೆ. ಮೂವರಲ್ಲಿ ಯಾರಿಬ್ಬರೂ ಒಂದು ಕಡೆ ಸೇರದಿದ್ದರೆ ಸಾಕು, ಮೂರೂ ನಿಜವೇ. ಮೂರು ಹಳಿಗಳನ್ನು ಒಬ್ಬಳೇ ಕಾಯುವ ಈ ಕೆಲಸ ಅಪ್ಪನಿಂದ ಬಂದದ್ದಿರಬೇಕು ಎಂದುಕೊಂಡು ಅವಳು ಎದ್ದಳು. ಅಪ್ಪನಿಗಾದರೆ ಎಂಟು ಗಂಟೆಗೆ ಡ್ಯೂಟಿ ಮುಗಿಯುತ್ತಿತ್ತು.

ಒಬ್ಬಳೇ ಇರಬೇಕೆನ್ನುವುದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ರೈಲ್ವೆ ಕ್ವಾರ್ಟರ್ಸಿನ ಒಂದು ಕೋಣೆ ಒಂದು ಅಡುಗೆಮನೆಯಲ್ಲಿ ಏಳು ಜನ. ಗೂಡ್ಸು ಬಂದಾಗಲೆಲ್ಲ ಗೋಡೆಯ ಮೇಲಿನ ದೇವರ ಪಟಗಳು ಕೂಡ ಒಟ್ಟಿಗೇ ನಡುಗುತ್ತಿದ್ದವು. ಹಾಸ್ಟೆಲ್ಲಿನ ಹಾಲಿನಲ್ಲಿ ಹದಿನಾರು ಟ್ರಂಕು, ಹದಿನಾರು ಚಾಪೆ. ಹೋದ ವರ್ಷದ ದೀಪಾವಳಿಗೆ ಎಲ್ಲರೂ ಊರಿಗೆ ಹೋದ ದಿನ ಅವಳಿಗೆ ಮಾತ್ರ ಬೆಳಗಿನ ರೈಲು ತಪ್ಪಿತು. ಸಂಜೆಯ ರೈಲಿನ ತನಕ ಆ ಉದ್ದನೆಯ ಹಾಲಿನಲ್ಲಿ ಅವಳೊಬ್ಬಳೇ. ಒಂದು ಪೊಟ್ಟಣ ಮಂಡಕ್ಕಿ ಇತ್ತು. ತಿನ್ನತೊಡಗಿದಾಗ ಎಲ್ಲಿಂದಲೋ ಸಣ್ಣ ಸದ್ದು ಬಂದಂತಾಗಿ ಸುತ್ತ ನೋಡಿದಳು. ಬಾಯಾಡಿಸುವುದನ್ನು ನಿಲ್ಲಿಸಿದಾಗ ಸದ್ದೂ ನಿಂತಿತು. ತಾನು ಅಗಿಯುವ ಸದ್ದನ್ನು ಇಪ್ಪತ್ತೊಂದು ವರ್ಷದಲ್ಲಿ ಅವಳು ಮೊದಲ ಸಲ ಕೇಳುತ್ತಿದ್ದಳು. ಕಿಟಕಿಯ ಬಿಸಿಲು ನೆಲದ ಮೇಲೆ ಒಂದು ಚಾಪೆಯಿಂದ ಇನ್ನೊಂದು ಚಾಪೆಯ ಜಾಗಕ್ಕೆ ನಿಧಾನವಾಗಿ ಹೋಯಿತು, ಯಾರ ಜಾಗವನ್ನೂ ಕೇಳದೆ. ಆ ಮಧ್ಯಾಹ್ನ ಏನೂ ಆಗಲಿಲ್ಲ. ಏನೂ ಆಗದ ಆ ಮಧ್ಯಾಹ್ನವನ್ನು ಅವಳು ಆಮೇಲೆ ಯಾರಿಗೂ ಹೇಳದೆ, ಟ್ರಂಕಿನ ತಳದಲ್ಲಿ ಇಟ್ಟ ಹೊಸ ಬಟ್ಟೆಯ ಹಾಗೆ ಆಗಾಗ ಮುಟ್ಟಿ ನೋಡುತ್ತಿದ್ದಳು. ಎರಡನೇ ವರ್ಷದವರು ಹೊಸಬರಿಗೆ ಜಾಗ ಬಿಡಬೇಕೆಂದು ವಾರ್ಡನ್ನು ನೋಟೀಸು ಹಚ್ಚಿದ ದಿನ ಹಾಲಿನಲ್ಲಿ ಹದಿನೈದು ಜನ ಗೋಳಾಡಿದರು. ಅನುಸೂಯ ಗೋಳಾಡುವವರ ನಡುವೆ ತಲೆ ತಗ್ಗಿಸಿ ನಿಂತಳು, ಮುಖ ಕಾಣಬಾರದೆಂದು.

ಹುಲಿಗೆಮ್ಮ ಅವಳ ಕೈ ಹಿಡಿದುಕೊಂಡು, "ನೀ ಯಾಕೆ ಹೆದರ್ತೀಯ? ನಾವಿಬ್ರೂ ರೂಮು ಮಾಡಾಣ ಬಿಡು" ಎಂದಳು. ಕೇಳಲಿಲ್ಲ, ಹೇಳಿದಳು. ಅವಳ ಮಾತಿನಲ್ಲಿ ನಾನು ಎನ್ನುವುದೇ ಇರಲಿಲ್ಲ. ನಾವು ತಲೆ ಎರ್ಕಂಡ್ವಿ, ನಮಗೆ ಮಾರ್ಕ್ಸು ಕಮ್ಮಿ ಬಂತು, ನಮಗೆ ಹಸಿವಾಗೈತೆ. ಮಾರಿಕಣಿವೆಯಲ್ಲಿ ಅವಳಪ್ಪ ನೀರಗಂಟಿ, ನಾಲೆಯ ತೂಬು ತೆಗೆದು ಹಾಕುವವನು. ನೀರಿನ ಹಾಗೆಯೇ ಮಗಳೂ ಗೆರೆ ಕಾಣದವಳು. ಮನೆಯಲ್ಲಿ ಓಬವ್ವ ಎಂಬ ಅಜ್ಜಿ ತಿಂಗಳಿಗೊಂದು ಡಬ್ಬಿ ಹುರಿಟ್ಟು ಕಳಿಸುತ್ತಿದ್ದಳು, "ಆ ರೈಲ್ವೆ ಹುಡುಗೀಗೂ ಕೊಡು" ಎಂದು ಹೇಳಿ. ಜನವರಿಯಲ್ಲಿ ಅನುಸೂಯ ಜ್ವರ ಬಂದು ಮಲಗಿದಾಗ ಹುಲಿಗೆಮ್ಮ ಮೂರು ದಿನ ಕ್ಲಾಸು ಬಿಟ್ಟು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಣೆಯ ಮೇಲೆ ಆ ಒದ್ದೆ ಕೈ. ಜ್ವರದ ಮಂಪರಿನಲ್ಲಿ ಅನುಸೂಯ ದೇವರನ್ನು ಕೇಳಿಕೊಂಡದ್ದು ಒಂದೇ: ಈ ಕೈ ಒಂದು ಗಳಿಗೆ ಆಚೆ ಹೋಗಲಿ. ಜ್ವರ ಬಿಟ್ಟ ಮೇಲೆ ಆ ಬೇಡಿಕೆಯನ್ನು ನೆನೆದು ಅವಳಿಗೆ ಮತ್ತೆ ಮೈ ಬಿಸಿಯಾಯಿತು. ಹೀಗೆ ಉಪಕಾರ ಮಾಡಿದವಳಿಗೆ ಬೇಡ ಎನ್ನುವುದು ಹೇಗೆ? ಬೇಡ ಎನ್ನಲಿಲ್ಲ. "ನಂಗೆ ಟ್ರೈನಾಗೆ ಓಡಾಡು ಅಂದವ್ರೆ ಕಣೇ ಮನೇಲಿ" ಎಂದಳು. ಹುಲಿಗೆಮ್ಮನ ಕಣ್ಣು ತುಂಬಿತು. "ದಿನಾ ಅಷ್ಟು ದೂರ! ಸತ್ತೋಗ್ತೀಯ ನೀನು" ಎಂದಳು. ತನಗೊಂದು ರೂಮು ಸಿಗುವ ತನಕ ಹುಲಿಗೆಮ್ಮ ಹಾಸ್ಟೆಲ್ಲಿನಲ್ಲೇ ಜೂನಿಯರೊಬ್ಬಳ ಚಾಪೆಯ ಅಂಚಿನಲ್ಲಿ, ವಾರ್ಡನ್ನಿಗೆ ಕಾಣದಂತೆ ಉಳಿದುಕೊಂಡಳು.

ಸ್ಟೇಷನ್ನಿನಿಂದ ರೂಮಿದ್ದ ಬುರುಜನಹಟ್ಟಿಗೆ ಅನುಸೂಯ ದೊಡ್ಡ ರಸ್ತೆ ಬಿಟ್ಟು ಓಣಿಗಳಲ್ಲೇ ನಡೆಯುತ್ತಿದ್ದಳು, ಕ್ಲಾಸಿನವರು ಯಾರೂ ಎದುರಾಗದಿರಲೆಂದು. ರೂಮು ಹುಡುಕಿದ ದಿನಗಳಲ್ಲಿ ಈ ಓಣಿಗಳೆಲ್ಲ ಪರಿಚಯವಾಗಿದ್ದವು. ಮನೆಗಳನ್ನು ಅವಳು ಅಲ್ಲಿ ಕೇಳಿಸಿಕೊಂಡ ಪ್ರಶ್ನೆಗಳಿಂದ ಗುರುತಿಸುತ್ತಿದ್ದಳು. ಇದು ಈರಬಸಪ್ಪನವರ ಮನೆ; ಜಗಲಿಯ ಮೇಲೆ ಕೂರಿಸಿ, ಊರು ಕೇಳಿ, ಅಪ್ಪನ ಕೆಲಸ ಕೇಳಿ, ಕಡೆಗೆ ದನಿ ಇಳಿಸಿ "ಯಾವ ಜನ ಆತು ನೀವು?" ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಬಹಳ ಮರ್ಯಾದೆಯಿಂದ, "ಅಯ್ಯೋ, ನಿನ್ನೆ ತಾನೆ ಕೊಟ್ಟುಬಿಟ್ವಲ್ಲ ತಾಯಿ" ಎಂದಿದ್ದರು. ಬಾಡಿಗೆಗೆ ಎಂಬ ಬೋರ್ಡು ಇವತ್ತೂ ಅಲ್ಲೇ ತೂಗುತ್ತಿತ್ತು. ಅದರ ಮೇಲೆ ಒಂದು ಕಾಗೆ ಕೂತಿತ್ತು, ಅದಕ್ಕೆ ಯಾರೂ ಏನೂ ಕೇಳಿರಲಿಲ್ಲ. ಮುಂದಿನದು ನೀಲಿ ಬಾಗಿಲಿನ ಮನೆ, ಅಲ್ಲಿನವರು ಕೇಳಿದ್ದು ಗಂಡು ಹುಡುಗರು ಬರುತ್ತಾರೆಯೇ ಎಂದು. ಬರುವುದಿಲ್ಲ ಎಂದರೆ ನಂಬಲಿಲ್ಲ. ಮುದ್ದಕ್ಕ ಮಾತ್ರ ಜನ ಕೇಳಲಿಲ್ಲ, ಗಂಡು ಹುಡುಗರ ಮಾತೆತ್ತಲಿಲ್ಲ. ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ಕೂತವಳು ತಲೆಯೆತ್ತಿ ಕೇಳಿದ್ದು ಒಂದೇ ಮಾತು. "ಒಬ್ಳೇನಾ?"

ಹೌದು ಎಂದರೆ ಇದೂ ಹೋಯಿತು ಎಂದು ಆ ದನಿಯಲ್ಲೇ ಇತ್ತು. ಮಾಳಿಗೆಯ ಮೇಲಿನ ಆ ಒಂಟಿ ಕೋಣೆ, ಅದರ ಕಿಟಕಿ, ಕಿಟಕಿಯಾಚೆ ಕೋಟೆಯ ಬಂಡೆ, ಬಂಡೆಯಾಚೆ ಗುಡ್ಡದ ಸಾಲಿನ ಮೇಲೆ ಹೊಸದಾಗಿ ನಿಲ್ಲಿಸಿದ್ದ ಗಾಳಿಯಂತ್ರಗಳು ಒಂದಕ್ಕೊಂದು ತಾಕದಷ್ಟು ದೂರದಲ್ಲಿ ನಿಂತು ನಿದ್ದೆಯಲ್ಲಿದ್ದಂತೆ ತಿರುಗುತ್ತಿದ್ದದ್ದು, ಎಲ್ಲವನ್ನೂ ಆಗಲೇ ನೋಡಿಯಾಗಿತ್ತು. "ಇಲ್ಲಮ್ಮ, ಇನ್ನೊಬ್ಳು ಬರ್ತಾಳೆ" ಎಂದಳು. ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಹುಲಿಗೆಮ್ಮನ ಹೆಸರೇ. ಬೇರೆ ಹೆಸರು ಕಟ್ಟಬಹುದಿತ್ತು, ಹೊಳೆಯಲಿಲ್ಲ. ಮುದ್ದಕ್ಕ ಆಗಲೇ ಸುತ್ತಿಗೆ ತರಿಸಿ ಗೋಡೆಗೆ ಎರಡು ಮೊಳೆ ಹೊಡೆಸಿದಳು, ಒಂದು ನಿನಗೆ, ಒಂದು ಅವಳಿಗೆ ಎಂದು. "ನನ್ನ ಯಜಮಾನ್ರು ಹೋಗಿ ಹನ್ನೆಲ್ಡು ವರ್ಷ. ಒಬ್ಳೇ ಇರೋದು ಏನಂತ ನಂಗೊತ್ತೈತೆ ಕಣವ್ವ. ಗೋಡೆ ಕೂಡ ಮಾತು ಕಲೀತಾವೆ. ಅದಕ್ಕೇ ಒಂಟಿ ಹುಡುಗೀಗೆ ಕೊಡಲ್ಲ ನಾನು. ಅವ್ಳೂ ಬರ್ಲಿ, ಇಬ್ರೂ ನಿಂತು ಹಾಲುಕ್ಕಿಸಿ ಕುಡೀರಿ, ಆಮೇಲೆ ಮನೆ ನಿಮ್ದು. ಅಲ್ಲೀತನಕ ಒಲೆ ಹಚ್ಚಂಗಿಲ್ಲ. ಉಣ್ಣಾಕೆ ಕೆಳಗೆ ಬಾ."

ಹಾಗಾಗಿ ರೂಮು ಸಿಕ್ಕೂ ಸಿಕ್ಕಿರಲಿಲ್ಲ. ಸೀಮೆಎಣ್ಣೆ ಸ್ಟೋವು ಮೂಲೆಯಲ್ಲಿ ಬೆಂಕಿ ಕಾಣದೆ ಕೂತಿತ್ತು. ದಿನಾ ಕೆಳಗೆ ಮುದ್ದಕ್ಕನೆದುರು ಕೂತು ಮುದ್ದೆ ನುಂಗಬೇಕು, ನುಂಗುತ್ತ ಉತ್ತರ ಕೊಡಬೇಕು. "ಎಲ್ಲವ್ವ ನಿನ್ನ ಜೊತೆಗಾತಿ?" ಮೊದಲ ವಾರ ಅವಳಿಗೆ ಜ್ವರ. ಎರಡನೇ ವಾರ ಜ್ವರ ಬಿಟ್ಟು ಸುಸ್ತು. ಮೂರನೇ ವಾರ ಮುದ್ದಕ್ಕ ಮುಖ ನೋಡುವ ರೀತಿ ಬದಲಾಗಿತ್ತು. ಅನುಸೂಯ ಮುದ್ದೆ ಮುರಿಯುತ್ತ, ತಲೆಯೆತ್ತದೆ, "ಅವಳ ಅಜ್ಜಿ ತೀರ್ಕಂಡ್ರಂತೆ" ಎಂದುಬಿಟ್ಟಳು. ಮುದ್ದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಎಂದೂ ನೋಡದ ಓಬವ್ವನ ವಯಸ್ಸು, ಕಾಯಿಲೆ, ಎಷ್ಟು ಜನ ಮಕ್ಕಳು ಎಲ್ಲ ಕೇಳಿದಳು. ಅನುಸೂಯ ಎಲ್ಲಕ್ಕೂ ಸರಿಯಾದ ಉತ್ತರವನ್ನೇ ಕೊಟ್ಟಳು. ಸತ್ತದ್ದೊಂದು ಬಿಟ್ಟು ಉಳಿದದ್ದೆಲ್ಲ ನಿಜವಾಗಿತ್ತು. ಟ್ರಂಕಿನಲ್ಲಿ ಆ ಅಜ್ಜಿಯ ಹುರಿಟ್ಟಿನ ಡಬ್ಬಿ ಇನ್ನೂ ಅರ್ಧವಿತ್ತು. ಆಮೇಲೆ ಅದನ್ನು ತಿನ್ನಲಾಗಲಿಲ್ಲ, ಚೆಲ್ಲಲೂ ಆಗಲಿಲ್ಲ. "ಹನ್ನೊಂದು ದಿನ ಸೂತಕ ಕಳೀಲಿ. ಅಮಾಸೆ ಒಳಗೆ ಬರ್ಲಿಲ್ಲ ಅಂದ್ರೆ ಬ್ಯಾರೆ ಯಾರಿಗಾದ್ರೂ ಕೊಡ್ತೀನವ್ವ, ಬೇಜಾರು ಮಾಡ್ಕಬ್ಯಾಡ" ಎಂದಿದ್ದಳು ಮುದ್ದಕ್ಕ. ಅಮಾವಾಸ್ಯೆ ನಾಳಿದ್ದು.

ಅಮಾವಾಸ್ಯೆಗೆ ಏನು ಹೇಳಬೇಕೆಂದು ಯೋಚಿಸುತ್ತ ಅವಳು ಓಣಿ ತಿರುಗಿದಳು. ಅಜ್ಜಿ ಹೋಗಿಯಾಗಿದೆ; ಉಳಿದವರಲ್ಲಿ ನೀರಗಂಟಿಯೊಬ್ಬ. ಅವನನ್ನು ಬೀಳಿಸಿ ಕಾಲು ಮುರಿದರೆ ಸಾಕಾಗಬಹುದೇ? ಈ ಯೋಚನೆಗೆ ತಾನೇ ಹೆದರಿ ಹೆಜ್ಜೆ ನಿಧಾನವಾಯಿತು. ಸಂಜೆಯ ಬಿಸಿಲು ಕೋಟೆಯ ಬಂಡೆಗಳಿಂದ ಇಳಿದು ಓಣಿಯ ಗೋಡೆಗಳನ್ನು ಜೇನಿನ ಬಣ್ಣಕ್ಕೆ ತಿರುಗಿಸಿತ್ತು. ಯಾವುದೋ ಮನೆಯಲ್ಲಿ ಒಗ್ಗರಣೆ ಸಿಡಿಯಿತು. ಆ ಗಳಿಗೆಯಲ್ಲಿ ಅವಳಿಗೆ ತನ್ನ ಕೋಣೆ ಕಂಡಿತು: ಉರಿಯುವ ಸ್ಟೋವು, ಒಬ್ಬಳಿಗಾಗುವಷ್ಟೇ ಅನ್ನ, ಅಗಿಯುವ ಸದ್ದು, ಯಾರ ಪ್ರಶ್ನೆಯೂ ಇಲ್ಲದ ಬೆಳಕು. ಅಷ್ಟು ಸ್ಪಷ್ಟವಾಗಿ ಕಂಡದ್ದರಿಂದ, ಮುದ್ದಕ್ಕನ ಮನೆಯ ಮೆಟ್ಟಿಲ ಬುಡದಲ್ಲಿದ್ದ ಚಪ್ಪಲಿಗಳೂ ಅದರದೇ ಭಾಗವೆಂಬಂತೆ ಮೊದಲು ಸುಮ್ಮನೆ ನೋಡಿದಳು. ಎಡಗಾಲಿನ ಪಟ್ಟಿಗೆ ಸೇಫ್ಟಿಪಿನ್ನು ಸಿಕ್ಕಿಸಿತ್ತು. ಆ ಪಿನ್ನು ಅವಳದೇ. ಪರೀಕ್ಷೆಯ ದಿನ ಹುಲಿಗೆಮ್ಮನ ಪಟ್ಟಿ ಕಿತ್ತುಬಂದಾಗ ಕೊಟ್ಟದ್ದು.

ಮೇಲಿನಿಂದ ಮುದ್ದಕ್ಕನ ದನಿ ಬಂತು. "ಬಾರವ್ವ ಅನುಸೂಯ, ನೋಡು ಯಾರು ಬಂದವ್ಳೆ! ಬೀದೀಲಿ ರೂಮೈತಾ ರೂಮೈತಾ ಅಂತ ಕೇಳ್ಕಂಡು ತಿರುಗ್ತಿದ್ಲು, ಮನೆ ಗುರ್ತು ಸಿಗದೆ. ನಮ್ಮ ಬಾಗ್ಲಿಗೇ ಬಂದು ಕೇಳಿದ್ಲು. ಯಾವೂರವ್ವ ಅಂದ್ರೆ ಮಾರಿಕಣಿವೆ ಅಂದ್ಲು, ಹೆಸರೇನು ಅಂದ್ರೆ ಹುಲಿಗೆಮ್ಮ ಅಂದ್ಲು. ಅಯ್ಯೋ ನಿನ್ನ ಮೊಳೆ ಒಂದು ತಿಂಗ್ಳಿಂದ ಕಾಯ್ತಾ ಐತೆ, ಬಾರೆ ಒಳಗೆ ಅಂದೆ."

ಮೆಟ್ಟಿಲು ಹದಿನಾಲ್ಕು. ಅವಳು ಅವನ್ನು ಹತ್ತಿದ್ದು ನೆನಪಿನಲ್ಲಿ ಉಳಿಯಲಿಲ್ಲ. ಕೋಣೆಯ ನಡುವೆ ಚಾಪೆಯ ಮೇಲೆ ಹುಲಿಗೆಮ್ಮ ಕೂತಿದ್ದಳು, ಬೀಗರ ಮನೆಗೆ ಬಂದವಳ ಹಾಗೆ, ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು. ಎಲ್ಲಿ ಹೋದರೂ ಕಾಲು ಚಾಚಿ ಕೂರುವವಳು ಹೀಗೆ ಕೂತದ್ದನ್ನು ಅನುಸೂಯ ನೋಡಿರಲಿಲ್ಲ. ಮುದ್ದಕ್ಕ ಹೊಸ ಪಾತ್ರೆಯಲ್ಲಿ ಹಾಲು ಹಿಡಿದು ನಿಂತಿದ್ದಳು. "ಇವ್ಳಜ್ಜಿ ಕಾರ್ಯ ಎಲ್ಲ ಚೆನ್ನಾಗಾತಂತೆ. ಪುಣ್ಯಾತ್ಗಿತ್ತಿ, ಯಾರಿಗೂ ಕಾಟ ಕೊಡ್ದೆ ಹೋದ್ಲಂತೆ. ಅಲ್ವೇನವ್ವ?"

"ಹ್ಞೂನಮ್ಮ. ಚೆನ್ನಾಗಾತು" ಎಂದಳು ಹುಲಿಗೆಮ್ಮ, ಅನುಸೂಯಳನ್ನು ನೋಡುತ್ತ.

"ಅಯ್ಯೋ, ಲೋಟ ಒಂದೇ ಐತಲ್ಲ ಇಲ್ಲಿ. ಇರ್ರಿ, ತರ್ತೀನಿ" ಎಂದು ಮುದ್ದಕ್ಕ ಹಾಲಿನ ಪಾತ್ರೆ ಕೆಳಗಿಟ್ಟು ಹೊರಟಳು. ಅವಳ ಹೆಜ್ಜೆ ಒಂದೊಂದೇ ಮೆಟ್ಟಿಲು ಇಳಿಯುವುದು ಕೇಳಿಸುತ್ತಿತ್ತು. ಹುಲಿಗೆಮ್ಮ ಕೋಣೆಯನ್ನು ನೋಡತೊಡಗಿದಳು. ಒಂದು ತಟ್ಟೆ, ಒಂದು ಲೋಟ, ಒಬ್ಬರಿಗಾಗುವ ಚಾಪೆ, ಒಂದು ಮೊಳೆಯಲ್ಲಿ ಒಂದು ಟವೆಲ್ಲು, ಕಿಟಕಿಗೆ ಎದುರಾಗಿ ಒಬ್ಬಳೇ ಕೂರುವಂತೆ ತಿರುಗಿಸಿಟ್ಟ ಟ್ರಂಕು. ಅವಳು ಆತುರವಿಲ್ಲದೆ, ಪುಸ್ತಕ ಓದುವವಳ ಹಾಗೆ ನೋಡಿದಳು. ಕ್ಲಾಸಿನಲ್ಲಿ ಅವಳು ಇಷ್ಟು ಗಮನವಿಟ್ಟು ಏನನ್ನೂ ಓದಿದ್ದಿಲ್ಲ.

"ಅಜ್ಜೀನ ಯಾಕೆ ಸಾಯಿಸ್ದೆ?" ಎಂದಳು.

"ಬ್ಯಾರೆ ಯಾರೂ ಹೊಳೀಲಿಲ್ಲ."

"ಜ್ವರ ಅಂತ ಹೇಳ್ಬೇಕಿತ್ತು."

"ಮೊದ್ಲು ಅದನ್ನೇ ಹೇಳಿದ್ದೆ."

ಹುಲಿಗೆಮ್ಮನ ಬಾಯಿಂದ ನಗು ಸಿಡಿಯಿತು. ಅನುಸೂಯಳಿಗೂ ಬಂತು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು, ಹಾಸ್ಟೆಲ್ಲಿನಲ್ಲಿ ದೀಪ ಆರಿದ ಮೇಲೆ ನಗುತ್ತಿದ್ದ ಹಾಗೆ ಮೈ ಕುಲುಕಿ ನಕ್ಕರು. ಆ ನಗುವಿನಲ್ಲಿ ಅನುಸೂಯಳಿಗೆ ಎಲ್ಲ ಮುಗಿಯಿತು, ಕ್ಷಮಿಸಿಬಿಟ್ಟಳು ಎಂದು ಅನ್ನಿಸಿತು. ನೋಡಿದರೆ ಹುಲಿಗೆಮ್ಮ ನಗುತ್ತಿರಲಿಲ್ಲ, ಯಾವಾಗ ನಿಲ್ಲಿಸಿದ್ದಳೋ.

"ಸ್ಟೇಷನ್‌ಗೆ ಕಡ್ಲೆಕಾಯಿ ತಂದಿದ್ನಲ್ಲೇ" ಎಂದಳು ಮೆಲ್ಲಗೆ. "ಅವತ್ತು ಎಲ್ಲೀಗಂಟ ಹೋದೆ?"

"ಮುಂದಿನ ಸ್ಟೇಷನ್."

"ಒಬ್ಳೇ ಇರ್ತೀನಿ ಅಂತ ಹೇಳಿದ್ರೆ ಆಗ್ತಿತ್ತು."

"ಹೇಳಿದ್ರೆ ನೀನು ಏನಂತಿದ್ದೆ?"

ಹುಲಿಗೆಮ್ಮ ನಿಜವಾಗಿಯೂ ಯೋಚಿಸಿದಳು. "ಅಳ್ತಿದ್ದೆ. ಎಲ್ಡು ದಿನ ಮಾತು ಬಿಡ್ತಿದ್ದೆ. ಆಮೇಲೆ ನಿನ್ ಜೊತೆ ರೂಮು ಹುಡುಕಾಕೆ ಬರ್ತಿದ್ದೆ."

ಅದು ನಿಜವೆಂದು ಅನುಸೂಯಳಿಗೆ ಗೊತ್ತಿತ್ತು. ಹಣೆಯ ಮೇಲೆ ಆ ಒದ್ದೆ ಕೈ ಮತ್ತೆ ಬಂದಂತಾಯಿತು. "ಇಲ್ಲೇ ಇದ್ಬಿಡೇ" ಎಂದಳು. "ಜಾಗ ಐತೆ. ಇಬ್ರೂ ಇರಾಣ." ಮಾತು ಸರಿಯಾಗಿಯೇ ಇತ್ತು, ಒಂದಕ್ಷರವೂ ಹೆಚ್ಚು ಕಡಿಮೆಯಿರಲಿಲ್ಲ. ದನಿ ಮಾತ್ರ, ಊಟದ ಹೊತ್ತಿಗೆ ಬಂದವರನ್ನು ಎಬ್ಬಿಸಲಾರದೆ ಉಂಡುಹೋಗಿ ಎನ್ನುವವರ ದನಿ. ತನ್ನ ಕಿವಿಗೆ ಬಿದ್ದದ್ದು ಎದುರಿನವಳ ಕಿವಿಗೂ ಬಿತ್ತೆಂದು ಅವಳ ಕಣ್ಣು ನೋಡಿ ತಿಳಿಯಿತು. ಇನ್ನೊಂದು ಸಲ, ಬೇರೆ ದನಿಯಲ್ಲಿ ಹೇಳಬೇಕೆಂದು ಬಾಯಿ ತೆರೆದಳು. ಆ ಬೇರೆ ದನಿ ಎಲ್ಲಿಂದ ತರುವುದೆಂದು ತಿಳಿಯುವ ಮೊದಲೇ ಮುದ್ದಕ್ಕ ಲೋಟದೊಂದಿಗೆ ಬಾಗಿಲಿಗೆ ಬಂದಿದ್ದಳು.

ಸ್ಟೋವು ಹತ್ತಿತು. ಒಂದು ತಿಂಗಳು ಬೆಂಕಿ ಕಾಣದ ಬತ್ತಿ ಮೊದಲು ಹೊಗೆಯಾಡಿ, ಆಮೇಲೆ ನೀಲಿಯಾಯಿತು. ಮೂವರೂ ಪಾತ್ರೆಯ ಸುತ್ತ ಕೂತು ಹಾಲಿನ ಮೇಲೆ ಕಣ್ಣಿಟ್ಟರು. ಹಾಲು ಬಹಳ ಹೊತ್ತು ಏನೂ ಮಾಡಲಿಲ್ಲ. ಮುದ್ದಕ್ಕ ಏನೋ ಹೇಳಿಕೊಳ್ಳುತ್ತಿದ್ದಳು, ದೇವರಿಗೋ ಗಂಡನಿಗೋ. ಆಮೇಲೆ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದು, ಕೆನೆ ಉಸಿರು ತೆಗೆದುಕೊಂಡಂತೆ ಎದೆಯುಬ್ಬಿಸಿ, ಮೂಡಣದ ಕಡೆ ಉಕ್ಕಿ ಸುರಿಯಿತು. "ನೋಡ್ರವ್ವ, ಮೂಡ್ಲಾಗೇ ಉಕ್ತು. ಇಬ್ರೂ ಚೆನ್ನಾಗಿರ್ತೀರಿ!" ಎಂದಳು ಮುದ್ದಕ್ಕ, ಕಣ್ಣು ತುಂಬಿ. ಎರಡು ಲೋಟಕ್ಕೆ ಸುರಿದು ಇಬ್ಬರ ಕೈಗೂ ಕೊಟ್ಟಳು. ಹುಲಿಗೆಮ್ಮ ಊದಿ ಊದಿ, ಒಂದು ತೊಟ್ಟೂ ಬಿಡದೆ ಕುಡಿದಳು. ಬಾಯೊರೆಸಿಕೊಂಡು ಎದ್ದು ನಿಂತಳು.

"ಇಲ್ಲಿ ಮಲಗಾಕೆ ಆಗಲ್ಲಮ್ಮ. ಅಜ್ಜಿ ಹೋದ್ಮ್ಯಾಕೆ ಮನೇಲಿ ಜನ ಇಲ್ಲ. ದಿನಾ ಟ್ರೈನಾಗೆ ಓಡಾಡು ಅಂದವ್ರೆ. ಮಧ್ಯೆ ಮಧ್ಯೆ ಬರ್ತಿರ್ತೀನಿ. ಇವ್ಳು ಇರ್ತಾಳಲ್ಲ."

ಮುದ್ದಕ್ಕ ಹುಬ್ಬುಗಂಟಿಕ್ಕಿದಳು. "ಮಾರಿಕಣಿವೆ ಕಡೆ ಟ್ರೈನೈತೇನೆ?"

"ಹೊಸದಾಗಿ ಬಿಟ್ಟವ್ರಮ್ಮ" ಎಂದಳು ಹುಲಿಗೆಮ್ಮ.

ಆ ಕಡೆ ಹಳಿಯೇ ಇಲ್ಲವೆಂದು ರೈಲ್ವೆ ಪಾಯಿಂಟ್ಸ್‌ಮನ್ನಿನ ಮಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿರಿಯೂರಿಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಮುದ್ದಕ್ಕ ಇಬ್ಬರ ಮುಖವನ್ನೂ ನೋಡಿದಳು. ಬಹುಶಃ ಅವಳಿಗೂ ಗೊತ್ತಿತ್ತು. "ಹಾಲು ಕುಡಿದ್ಯಲ್ಲ, ಸಾಕು ಬಿಡು. ಈ ಮನೆಯೋಳೇ ನೀನು" ಎಂದು ಖಾಲಿ ಪಾತ್ರೆ ಎತ್ತಿಕೊಂಡು ಕೆಳಗಿಳಿದಳು. ಹುಲಿಗೆಮ್ಮ ಹೆಗಲ ಮೇಲಿನ ವೇಲು ತೆಗೆದಳು. ಅಂಚಿನಲ್ಲಿ ಶಾಯಿಯ ಕಲೆಯಿದ್ದ ಹಳದಿ ವೇಲು. ಅದನ್ನು ಖಾಲಿ ಮೊಳೆಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು, ನೇರವಾಗಿದೆಯೇ ಎಂದು ತಲೆ ಓರೆ ಮಾಡಿ ನೋಡಿದಳು. "ಇದಿರ್ಲಿ. ಮುದ್ದಕ್ಕ ಬಂದ್ರೆ ಕಾಣ್ತೈತೆ. ನಾ ಬರ್ತೀನಿ, ಬಸ್ಸಿಗೆ ಹೊತ್ತಾತು." ಅವಳು ಮೊದಲ ಸಲ ನಾ ಎಂದಿದ್ದಳು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಮೆಟ್ಟುವಾಗ ಪಿನ್ನು ಮತ್ತೆ ಬಿಚ್ಚಿಕೊಂಡಿತೆಂದು ಕಾಣುತ್ತದೆ, ಬಗ್ಗಿ ಏನೋ ಸರಿಮಾಡಿಕೊಂಡಳು. ಅನುಸೂಯ ಕಿಟಕಿಯಿಂದ ನೋಡಿದಳು. ಮೇಲೆ ನೋಡುತ್ತಾಳೆಂದು ಕೈ ಎತ್ತಲು ಸಿದ್ಧವಾಗಿ ನಿಂತಳು. ಹುಲಿಗೆಮ್ಮ ನೋಡಲಿಲ್ಲ, ದಿನಾ ಓಡಾಡುವವರ ನಡಿಗೆಯಲ್ಲಿ ಬಸ್ ಸ್ಟ್ಯಾಂಡಿನ ಕಡೆ ತಿರುಗಿದಳು.

ಬೆಳಕು ಬಂಡೆಯಿಂದ ಕಿಟಕಿಗೆ, ಕಿಟಕಿಯಿಂದ ನೆಲಕ್ಕೆ ಬಂತು. ಗುಡ್ಡದ ಮೇಲೆ ಗಾಳಿಯಂತ್ರಗಳು ನಿದ್ದೆಯಲ್ಲೇ ತಿರುಗುತ್ತಿದ್ದವು. ಕೋಣೆ ಅವಳದಾಗಿತ್ತು. ತನ್ನ ಲೋಟದ ಹಾಲು ಆರಿ ಕೆನೆಗಟ್ಟಿತ್ತು. ಎತ್ತಿ ಒಂದು ಗುಟುಕು ಕುಡಿದಳು. ನುಂಗಿದ ಸದ್ದು ಕೇಳಿಸಿತು. ಟ್ರಂಕು ತೆಗೆದು ಹುರಿಟ್ಟಿನ ಡಬ್ಬಿಯನ್ನು ಹೊರಗಿಟ್ಟಳು, ಮುಚ್ಚಳಕ್ಕೆ ಕೈ ಹಾಕಲಿಲ್ಲ. ಗಾಳಿ ಬಂದಾಗ ಗೋಡೆಯ ಮೇಲೆ ಹಳದಿ ವೇಲು ಪಕ್ಕಕ್ಕೆ ಸರಿದು, ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಅವಳು ಚಾಪೆ ಬಿಡಿಸಿದಳು. ಒಬ್ಬರಿಗೇ ಆಗುವ ಚಾಪೆ. ನಡುವೆ ಮಲಗಿದರೂ ಯಾರೂ ಕೇಳುವವರಿರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಹೋದ ವರ್ಷವೆಲ್ಲ ಮಲಗುತ್ತಿದ್ದ ಹಾಗೆ, ಗೋಡೆಯ ಕಡೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಮಲಗಿದಳು.